ಸೀತಾಫಲದ ಕೂಟ ಮತ್ತು ದ್ಯಾಮವ್ವನ ಕೈ

ಮಕ್ಕಳೇ, ಕಲ್ಲುಗುಡ್ಡದ ಕಾಡಿನಲ್ಲಿ ಮಳೆಗಾಲ ಮುಗಿದು ಬಿಸಿಲು ಹದವಾಗುವ ಹೊತ್ತಿಗೆ ಸೀತಾಫಲ ಹಣ್ಣಾಗುತ್ತದೆ. ಆಗ ಅಲ್ಲಿನ ಪ್ರಾಣಿಗಳೆಲ್ಲ ಒಂದು ಸಂಜೆ ದೊಡ್ಡ ಆಲದ ಮರದ ಕೆಳಗೆ ಸೇರಿ ಒಟ್ಟಿಗೆ ಉಣ್ಣುವುದು ರೂಢಿ. ಕರಡಿ ಭರಮಪ್ಪ ಜೇನು ತರುತ್ತಿದ್ದ. ಮುಳ್ಳುಹಂದಿಯ ಮನೆಯವರು ಗೆಡ್ಡೆ ತರುತ್ತಿದ್ದರು. ಹಣ್ಣು ಬಿಡಿಸಿ, ಬೀಜ ತೆಗೆದು, ತಿರುಳಿಗೆ ಜೇನು ಕಲಸಿ ಎಲ್ಲರಿಗೂ ಬಡಿಸುವುದು ಮಾತ್ರ ದ್ಯಾಮವ್ವನ ಕೆಲಸ.

ದ್ಯಾಮವ್ವ ಕಪ್ಪು ಮುಖದ, ಉದ್ದ ಬಾಲದ ಮುಸುವ. ಆ ಕಾಡಿನಲ್ಲಿ ಅವಳಷ್ಟು ಚುರುಕಾದ ಕೈ ಇನ್ಯಾರಿಗೂ ಇರಲಿಲ್ಲ. ಅದಕ್ಕೇ ಎಲ್ಲ ಕೆಲಸವೂ ಅವಳ ಪಾಲಿಗೇ ಬರುತ್ತಿತ್ತು.

ಆ ವರ್ಷ ಆಲದ ಬುಡ ತುಂಬಾ ಹೊಲಸಾಗಿತ್ತು. ಮಳೆಗಾಲವಿಡೀ ಬಾವಲಿಗಳು ಹಿಕ್ಕೆ ಹಾಕಿದ್ದವು. ನರಿಗಳು ಬಂದು ಗಲೀಜು ಮಾಡಿ ಹೋಗಿದ್ದವು. ಬೇರಿನ ಸಂದಿಯಲ್ಲಿ ಒಂದು ಹೆಗ್ಗಣ ಸತ್ತು ನಾರುತ್ತಿತ್ತು. ಕಸ ಗುಡಿಸಲು ಬೆಳಿಗ್ಗೆಯೇ ಬರುತ್ತೇವೆ ಎಂದು ಎಲ್ಲರೂ ಮಾತು ಕೊಟ್ಟಿದ್ದರು. ಬೆಳಿಗ್ಗೆ ಬಂದವಳು ದ್ಯಾಮವ್ವ ಒಬ್ಬಳೇ. ಮುಳ್ಳುಹಂದಿಗೆ ಸೊಂಟ ನೋವಂತೆ. ಭರಮಪ್ಪ ಇನ್ನೂ ಎದ್ದಿರಲಿಲ್ಲ. ಮೊಲದ ತಾಯಿ ಸಾವಂತ್ರಿಗೆ ಐದು ಮಕ್ಕಳನ್ನು ಬಿಟ್ಟು ಬರಲು ಆಗಲಿಲ್ಲ. ಹಿಂದಿನ ವರ್ಷವೂ ಹೀಗೇ ಆಗಿತ್ತು. ಅದರ ಹಿಂದಿನ ವರ್ಷವೂ ಅಷ್ಟೇ.

ದ್ಯಾಮವ್ವ ಯಾರನ್ನೂ ಬೈಯಲಿಲ್ಲ. ಬೈಯುವುದಕ್ಕೂ ಅವಳಿಗೆ ಬೇಸರ. ಕೈಯಲ್ಲೇ ಹಿಕ್ಕೆ ಬಳಿದಳು, ಕೈಯಲ್ಲೇ ಹೆಗ್ಗಣವನ್ನು ಎತ್ತಿ ದೂರ ಎಸೆದು ಬಂದಳು. ಮುಗಿಯುವಷ್ಟರಲ್ಲಿ ಹೊತ್ತು ಇಳಿದಿತ್ತು. ಹಣ್ಣಿನ ರಾಶಿ ಬಂದು ಬಿದ್ದಿತ್ತು. ಹಸಿದ ಮರಿಗಳು ಸುತ್ತ ಕೂತು ಅವಳ ಮುಖವನ್ನೇ ನೋಡುತ್ತಿದ್ದವು.

ಹಳ್ಳ ಇಳಿಜಾರಿನ ಕೆಳಗಿತ್ತು. ಅಲ್ಲಿ ವಾಸವಾಗಿದ್ದ ಮುದಿ ನೀರುನಾಯಿ ಬಸಲಿಂಗಜ್ಜ ಒಂದು ಬಂಡೆಯ ಮೇಲೆ ಅಂಟುವಾಳದ ಕಾಯಿ ಜಜ್ಜಿ ಇಟ್ಟಿರುತ್ತಿದ್ದ. ನೀರು ಹಾಕಿ ಉಜ್ಜಿದರೆ ನೊರೆ ಬರುತ್ತಿತ್ತು. ಕೂಟಕ್ಕೆ ಬರುವವರು ಅದರಲ್ಲಿ ಕೈ ತೊಳೆದು ಬರಲಿ ಎಂಬುದು ಅವನ ಆಸೆ.

"ಕೈ ತೊಳೆದುಕೊಂಡೆಯೇನು, ತಾಯಿ?" ಎಂದು ಕೂಟಕ್ಕೆ ಹತ್ತಿ ಬಂದಿದ್ದ ಅಜ್ಜ ಕೇಳಿದ.

"ಹುಲ್ಲಿಗೆ ಒರೆಸಿಕೊಂಡಿದ್ದೇನೆ ಅಜ್ಜ. ಇನ್ನು ಹಳ್ಳಕ್ಕೆ ಇಳಿದು ಮತ್ತೆ ಹತ್ತಲು ನನ್ನ ಕಾಲಲ್ಲಿ ಶಕ್ತಿ ಇಲ್ಲ."

"ಕಣ್ಣಿಗೆ ಕಾಣದ ಕೊಳೆ ಇರುತ್ತದಮ್ಮ."

ದ್ಯಾಮವ್ವ ಅಂಗೈ ತಿರುಗಿಸಿ ನೋಡಿಕೊಂಡಳು. ಏನೂ ಕಾಣಲಿಲ್ಲ. ಒಂದು ದಿನಕ್ಕೆ ಏನಾಗುತ್ತದೆ ಎಂದುಕೊಂಡು ಮೊದಲ ಹಣ್ಣನ್ನು ಒಡೆದಳು. ಅಜ್ಜ ಇನ್ನೊಂದು ಸಲ ಹೇಳಬಹುದಿತ್ತು. ವರ್ಷವರ್ಷವೂ ಹೇಳಿ ಹೇಳಿ ಅವನಿಗೂ ಸಾಕಾಗಿತ್ತು. ಸುಮ್ಮನಾದ.

ಊಟ ರುಚಿಯಾಗಿತ್ತು. ಸಾವಂತ್ರಿಯ ಕೊನೆಯ ಮಗಳು ತುಂಗಿ, ಅಂಗೈಯಷ್ಟೇ ಇದ್ದ ಮರಿ, ದ್ಯಾಮವ್ವನ ಬೆರಳನ್ನೂ ಬಿಡದೆ ನೆಕ್ಕಿದಳು.

ಮರುದಿನ ಬೆಳಕು ಹರಿಯುವಷ್ಟರಲ್ಲಿ ಮರಿಗಳಿಗೆ ವಾಂತಿ ಶುರುವಾಯಿತು, ಆಮೇಲೆ ಭೇದಿ. ಮುಳ್ಳುಹಂದಿಯ ಎರಡು ಮರಿಗಳು ಮಧ್ಯಾಹ್ನದ ಹೊತ್ತಿಗೆ ಸುಧಾರಿಸಿಕೊಂಡವು. ತುಂಗಿ ಸುಧಾರಿಸಿಕೊಳ್ಳಲಿಲ್ಲ. ಅವಳ ಕಿವಿ ಜೋತುಬಿದ್ದವು, ಕಣ್ಣು ಒಳಗೆ ಹೋದವು.

ಸಾವಂತ್ರಿಯ ಪೊದೆಯ ಮುಂದೆ ಎಲ್ಲರೂ ಸೇರಿದರು. ಜೇನು ಕೆಟ್ಟಿತ್ತು ಎಂದು ಯಾರೋ ಅಂದರು. ಹಳೆಯ ಜೇನನ್ನು ತಂದು ಸುರಿದಿದ್ದಾನೆ ಎಂದು ಇನ್ಯಾರೋ ಸೇರಿಸಿದರು. ಭರಮಪ್ಪ ತಲೆ ತಗ್ಗಿಸಿ ಹೊರಟುಬಿಟ್ಟ. ಜೇನುಹುಳು ಕಚ್ಚಿ ಅವನ ಮೂಗು ಇನ್ನೂ ಊದಿಕೊಂಡೇ ಇತ್ತು.

ದ್ಯಾಮವ್ವ ಸುಮ್ಮನಿದ್ದಿದ್ದರೆ ಅಜ್ಜನನ್ನು ಬಿಟ್ಟು ಇನ್ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ಗಳಿಗೆ ಅವಳು ಸುಮ್ಮನೆ ಇದ್ದಳು ಕೂಡ. ಆಮೇಲೆ ಓಡಿಹೋಗಿ ಭರಮಪ್ಪನ ದಾರಿಗೆ ಅಡ್ಡ ನಿಂತಳು.

"ಜೇನಲ್ಲ," ಎಂದಳು. "ನನ್ನ ಕೈ. ಹೊಲಸು ಬಳಿದ ಕೈಯಲ್ಲೇ ಹಣ್ಣು ಕಲಸಿದೆ. ಅಜ್ಜ ಹೇಳಿದರೂ ತೊಳೆಯಲಿಲ್ಲ."

ಸಾವಂತ್ರಿ ಅವಳ ಕಡೆ ನೋಡಲೂ ಇಲ್ಲ, ಮಗಳನ್ನು ನೆಕ್ಕುತ್ತಲೇ ಇದ್ದಳು.

ಏನು ಮಾಡಬೇಕೆಂದು ಬಸಲಿಂಗಜ್ಜ ತಿಳಿಸಿದ. ಹಳ್ಳದ ಬಂಡೆಯ ಒರತೆಯಿಂದ ಬರುವ ತಿಳಿನೀರನ್ನೇ ತರಬೇಕು. ಅದಕ್ಕೆ ಸ್ವಲ್ಪ ಜೇನು ಹಾಕಬೇಕು. ಕುರಿ ಕಾಯುವವರು ಕಲ್ಲಿನ ಮೇಲೆ ಕುರಿಗಳಿಗೆಂದು ಇಟ್ಟುಹೋದ ಉಪ್ಪನ್ನು ಒಂದೇ ಒಂದು ಚಿಟಿಕೆ ಸೇರಿಸಬೇಕು. ಮರಿ ಬೇಡವೆಂದರೂ ಬಿಡದೆ ತೊಟ್ಟು ತೊಟ್ಟಾಗಿ ಕುಡಿಸಬೇಕು. ಮುಟ್ಟುವವರು ಪ್ರತಿ ಸಲವೂ ಮೊದಲು ಕೈ ತೊಳೆಯಬೇಕು, ಮರಿಯ ಹೊಲಸು ತೆಗೆದ ಮೇಲೂ ತೊಳೆಯಬೇಕು.

ಮೂರು ದಿನ ದ್ಯಾಮವ್ವ ಮುತ್ತುಗದ ಎಲೆಯ ದೊನ್ನೆ ಹಿಡಿದು ಹಳ್ಳಕ್ಕೆ ಇಳಿದಳು, ಹತ್ತಿದಳು. ಎಷ್ಟು ಸಲವೆಂದು ಎಣಿಸಲಿಲ್ಲ. ಪ್ರತಿ ಸಲವೂ ಅಂಟುವಾಳದ ನೊರೆಯಲ್ಲಿ ಬೆರಳ ಸಂದಿ, ಉಗುರಿನ ಬುಡ, ಅಂಗೈ, ಮುಂಗೈ ಎಲ್ಲ ಉಜ್ಜಿದಳು. ಎರಡನೆಯ ದಿನ ಭರಮಪ್ಪ ಹೊಸ ಜೇನು ತಂದ. ಹಳ್ಳದಲ್ಲಿ ಅವಳ ಪಕ್ಕ ಕೂತು ತನ್ನ ಪಂಜನ್ನೂ ತೊಳೆದುಕೊಂಡ.

"ನಾವು ಗುಡಿಸಲು ಬಂದಿದ್ದರೆ ನೀನು ಇಷ್ಟು ದಣಿಯುತ್ತಿರಲಿಲ್ಲ, ದ್ಯಾಮವ್ವ. ತಪ್ಪು ನಮ್ಮದೂ ಇದೆ. ಇನ್ನು ಮೇಲೆ ಬರುತ್ತೇವೆ."

"ಬನ್ನಿ," ಎಂದಳು ಅವಳು. "ಆದರೆ ಕೈ ನನ್ನದೇ ಅಲ್ಲವೇ ಅಣ್ಣ. ಅದನ್ನು ನಾನೇ ತೊಳೆಯಬೇಕಿತ್ತು."

ನಾಲ್ಕನೆಯ ದಿನ ಬೆಳಿಗ್ಗೆ ದ್ಯಾಮವ್ವ ನೀರು ತಂದಾಗ ತುಂಗಿ ಒಂದು ಗರಿಕೆಯ ತುದಿಯನ್ನು ನಿಧಾನವಾಗಿ ಅಗಿಯುತ್ತಿದ್ದಳು. ಪಕ್ಕದಲ್ಲಿ ಸಾವಂತ್ರಿ ತೂಕಡಿಸುತ್ತ ಕೂತಿದ್ದಳು. ಮೂರು ದಿನದಿಂದ ಅವಳು ಕಣ್ಣು ಮುಚ್ಚಿರಲಿಲ್ಲ. ದ್ಯಾಮವ್ವನ ಜೊತೆ ಮಾತನ್ನೂ ಆಡಿರಲಿಲ್ಲ.

"ಕೈ ತೋರಿಸು," ಎಂದಳು ಸಾವಂತ್ರಿ.

ದ್ಯಾಮವ್ವ ದೊನ್ನೆ ಕೆಳಗಿಟ್ಟು ಎರಡೂ ಕೈ ಚಾಚಿದಳು. ಉಜ್ಜಿ ಉಜ್ಜಿ ಅಂಗೈ ಒಡೆದಿತ್ತು. ಸಾವಂತ್ರಿ ಅದನ್ನು ನೋಡಿದಳು, ಮಗುಚಿ ನೋಡಿದಳು, ಮೂಸಿಯೂ ನೋಡಿದಳು. ಆಮೇಲೆ ತುಂಗಿಯನ್ನು ಎತ್ತಿ ಆ ಕೈಗಳಲ್ಲಿ ಇಟ್ಟಳು.

"ಸ್ವಲ್ಪ ಹೊತ್ತು ಇವಳನ್ನು ನೋಡಿಕೋ ಅಕ್ಕ. ನಾನು ಮಲಗಬೇಕು."

ಅಷ್ಟು ಹೇಳಿ ಅಲ್ಲೇ ಒರಗಿ ನಿದ್ದೆಹೋದಳು.

ನೀತಿ: ಎಷ್ಟೇ ದಣಿದಿದ್ದರೂ ಉಣ್ಣುವ, ಉಣಿಸುವ ಮೊದಲು ಕೈ ತೊಳೆಯಬೇಕು, ನಮ್ಮ ಒಂದು ಗಳಿಗೆಯ ಸೋಮಾರಿತನಕ್ಕೆ ನೋವು ತಿನ್ನುವವರು ಬೇರೆಯವರ ಮಕ್ಕಳು.