ಏಳು ಚೌಕಗಳ ದೂರ

ಆ ಆಟದ ಪೆಟ್ಟಿಗೆಯ ಗೊಂಬೆಗಳಲ್ಲಿ ದ್ವಂದ್ವ ಗೆದ್ದವನೇ ಗುಂಪಿಗೆ ನಾಯಕ. ಕತ್ತಿವೀರ ಮೂರು ಸಲವೂ ಸೋತಿದ್ದ. ಅವನು ಹತ್ತಿರ ಹೋಗುವಷ್ಟರಲ್ಲಿ ಮಂತ್ರವಾದಿಯ ಕೋಲಿನಿಂದ ಹೊರಟ ಬೆಂಕಿ ಅವನನ್ನು ಕೆಡವುತ್ತಿತ್ತು.

“ಇಪ್ಪತ್ತು ಚೌಕದಾಚೆ ನಿಂತು ಗೆಲ್ಲುವುದೂ ಒಂದು ಶೌರ್ಯವೇ? ಒಂದೇ ಚೌಕದ ದೂರವಿರಲಿ!” ಎಂದು ಅವನು ಕೂಗಾಡಿದ.

“ಹಾಗಾದರೆ ಮಂತ್ರ ಮುಗಿಯುವ ಮೊದಲೇ ನನ್ನ ತಲೆ ಉರುಳುತ್ತದಲ್ಲ, ಮಹಾಶೂರ!” ಎಂದ ಮಂತ್ರವಾದಿ.

ನ್ಯಾಯಕ್ಕೆ ಕೂತಿದ್ದ ದಾಳ ಹೇಳಿತು: “ವೀರಪ್ಪಾ, ದೂರವನ್ನು ನೀನೇ ಗೊತ್ತುಮಾಡು. ಆಮೇಲೆ ಕತ್ತಿಯೋ ಕೋಲೋ, ಅವನು ಆರಿಸಿಕೊಳ್ಳಲಿ. ಉಳಿದದ್ದನ್ನು ಹಿಡಿದು ನೀನು ಹೋರಾಡು.”

“ಒಂದು” ಎನ್ನಲು ಬಾಯಿ ತೆರೆದ ಕತ್ತಿವೀರ ಹಾಗೇ ಮುಚ್ಚಿಕೊಂಡ. ಒಂದೆಂದರೆ ಮಂತ್ರವಾದಿ ಕತ್ತಿ ಎತ್ತಿಕೊಳ್ಳುತ್ತಾನೆ, ಇಪ್ಪತ್ತೆಂದರೆ ಕೋಲು. ಹಲಗೆಯ ಮೇಲೆ ಹಿಂದೆ ಮುಂದೆ ಅಲೆದಾಡಿ, ಕೊನೆಗೆ “ಏಳು” ಎಂದ. ಈಗ ಗಡ್ಡ ಕೆರೆದುಕೊಳ್ಳುವ ಸರದಿ ಮಂತ್ರವಾದಿಯದಾಯಿತು. ಬಹಳ ಹೊತ್ತು ಯೋಚಿಸಿ ಅವನು ಕತ್ತಿ ತೆಗೆದುಕೊಂಡ.

ಕಾಳಗ ಸಂಜೆಯವರೆಗೂ ನಡೆಯಿತು. ಕೂದಲೆಳೆಯ ಅಂತರದಲ್ಲಿ ಸೋತ ಕತ್ತಿವೀರ ಬಿದ್ದಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕ.

“ಆಗಲಿ ನಾಯಕರೇ, ಗುಂಪು ನಿಮ್ಮದು. ನಾಳೆ ದೂರ ಗೊತ್ತುಮಾಡುವವರು ನೀವು, ಆರಿಸಿಕೊಳ್ಳುವವನು ನಾನು!”