ಗೂಡಿಗೆ ಮರೆಯಾಗಿದ್ದ ಹುಲ್ಲು

ಬತ್ತಿದ ಕೆರೆಯಂಗಳದಲ್ಲಿ ಟಿಟ್ಟಿಭ ಹಕ್ಕಿಯೊಂದು ನೆಲದ ಮೇಲೆಯೇ ಮೊಟ್ಟೆಯಿಟ್ಟು ಕಾವು ಕೊಡುತ್ತಿತ್ತು. ಅದರ ಮುಂದೆ ಒಂದು ಹಿಡಿ ಒಣಹುಲ್ಲು ನಿಂತಿತ್ತು. ಹಕ್ಕಿಗಳ ಚಿತ್ರ ತೆಗೆಯುವ ಕುಮುದಿನಿ ನೆಲದ ಮೇಲೆ ಮಲಗಿ, ಕ್ಯಾಮೆರಾ ಹಿಡಿದು ಕಾದಳು.

ಕ್ಯಾಮೆರಾ ಹುಲ್ಲಿಗೆ ಹೇಳಿತು: “ಸ್ವಲ್ಪ ಬಾಗು. ಹಕ್ಕಿಯ ಕಣ್ಣು ಕಾಣುತ್ತಿಲ್ಲ.”

“ಕಾಣಬಾರದೆಂದೇ ಅದು ನನ್ನ ಹಿಂದೆ ಕೂತಿದೆ,” ಎಂದಿತು ಹುಲ್ಲು.

“ನಾನು ಅದನ್ನು ಮುಟ್ಟುವುದೂ ಇಲ್ಲ. ಒಂದು ಕ್ಷಣ ನೋಡಿ ಹೋಗುತ್ತೇನೆ.”

“ನೀನು ಹೋಗುತ್ತೀಯೆ. ಹಕ್ಕಿ ಇನ್ನೂ ಹತ್ತು ದಿನ ಇಲ್ಲೇ ಕೂರಬೇಕು.”

ಈ ಮಾತು ಕುಮುದಿನಿಗೆ ಕೇಳಿಸಲಿಲ್ಲ. ಅವಳು ಕೈಚಾಚಿ ಹುಲ್ಲನ್ನು ಕಿತ್ತಳು. ಹಕ್ಕಿ ಚೀರುತ್ತಾ ಹಾರಿತು, ಸ್ವಲ್ಪ ಹೊತ್ತಿನಲ್ಲಿ ಮರಳಿ ಬಂದು ಕೂತಿತು. ಚಿತ್ರ ಬಹಳ ಚೆನ್ನಾಗಿ ಬಂತು.

ಮರುದಿನ ಅವಳು ಮತ್ತೆ ಬಂದಾಗ ಅಲ್ಲಿ ಒಡೆದ ಚಿಪ್ಪುಗಳಿದ್ದವು. ಟಿಟ್ಟಿಭ ಅವುಗಳ ಸುತ್ತ ನಡೆಯುತ್ತಿತ್ತು. “ಅಯ್ಯೋ, ನಿನ್ನೆ ಇಲ್ಲೇ ಇದ್ದವಲ್ಲ,” ಎಂದು ಕುಮುದಿನಿ ಚಿಪ್ಪುಗಳ ಬಳಿ ಕೂತಳು.

ಪಕ್ಕದ ಬಂಡೆಯ ಮೇಲೆ ಕಾಗೆಯೊಂದು ಕೊಕ್ಕು ಒರೆಸಿಕೊಳ್ಳುತ್ತಿತ್ತು. “ಕಳ್ಳ,” ಎಂದಿತು ಕ್ಯಾಮೆರಾ.

ಕಾಗೆ ಹೇಳಿತು: “ವಾರದಿಂದ ಇದೇ ದಾರಿಯಲ್ಲಿ ಹಾರುತ್ತಿದ್ದೆ, ಏನೂ ಕಂಡಿರಲಿಲ್ಲ. ನಿನ್ನೆ ನಿನಗೆ ಕಂಡ ಮೇಲೆ ನನಗೂ ಕಂಡಿತು.”