ಮಲಗಿದ ಹಮಾಲಿಯ ಚಿತ್ರ

"ಗುರುಗಳೇ, ಹದಿನಾರು ವರ್ಷ ಜಪ ಮಾಡಿದೆ. ಸಾಕಾಯಿತು. ನೆಮ್ಮದಿ ಬರಲಿಲ್ಲ. ನಾಳೆ ಊರಿಗೆ ಹೊರಡುತ್ತೇನೆ. ಎಲ್ಲಿ ತಪ್ಪಿದೆ, ಅದಷ್ಟನ್ನು ಹೇಳಿ ಕಳಿಸಿಬಿಡಿ" ಎಂದ ಶಿಷ್ಯ.

ಗುರುಗಳು ಹೇಳಿದರು: ಕೂತುಕೋ. ನಾನು ಮಾತಿಗೆ ಕೂತರೆ ಬೇಗ ಏಳುವವನಲ್ಲ, ಅದು ನಿನಗೂ ಗೊತ್ತು. ಆದರೆ ಈ ಕತೆ ಚಿಕ್ಕದು.

ಒಬ್ಬ ಚಿತ್ರಕಾರನಿದ್ದ. ಎಣ್ಣೆಬಣ್ಣದವನು. ಕಂಡದ್ದನ್ನು ಕಂಡಂತೆ ಬರೆಯುವವನಲ್ಲ. ಒಳಗಿನ ಭಾವಕ್ಕೆ ತಕ್ಕ ಬಣ್ಣ ಹಚ್ಚುವವನು. ನೋವಿದ್ದರೆ ಭುಜ ಕೆಂಪು, ಬೇಸರವಿದ್ದರೆ ಮುಖ ಹಸಿರು. ಬಣ್ಣವನ್ನು ಕುಂಚದಿಂದಲ್ಲ, ಚಪ್ಪಟೆ ಅಲಗಿನಿಂದ ಮೆತ್ತುತ್ತಿದ್ದ, ಗೋಡೆಗೆ ಗಾರೆ ಮೆತ್ತಿದ ಹಾಗೆ. ವಯಸ್ಸಾಗಿ ಕೈ ನಡುಗಲು ಶುರುವಾಗಿತ್ತು. ಕೈ ಪೂರ್ತಿ ಸೋಲುವ ಮೊದಲು, ದಣಿದ ಮೈ ವಿಶ್ರಾಂತಿಗೆ ಇಳಿಯುವ ಒಂದು ಚಿತ್ರ ಬರೆಯಬೇಕು. ಅದೊಂದೇ ಆಸೆ.

ಮಂಡಿಯಿಂದ ಒಬ್ಬ ಹಮಾಲಿಯನ್ನು ಕರೆತಂದ. ಮೂಟೆ ಹೊತ್ತು ಮುಗಿದ ಮೇಲೆ ಅವನು ದಿನವೂ ಮಧ್ಯಾಹ್ನ ಬಂದು ಹಲಗೆಯ ಮೇಲೆ ಒರಗಬೇಕು. ಮರುದಿನವೂ ಅದೇ ಭಂಗಿ ಸಿಗಲೆಂದು ಚಿತ್ರಕಾರ ಅವನ ಮೊಣಕೈ, ಸೊಂಟ, ಹಿಮ್ಮಡಿಯ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದ. ಆ ಕಸುಬಿನಲ್ಲಿ ಹಾಗೇ ಮಾಡುತ್ತಾರೆ.

ದಿನವೂ ಬಣ್ಣ ಮೆತ್ತಿದ, ಸಂಜೆ ಕೆರೆದು ತೆಗೆದ. ತಿಂಗಳಾಯಿತು. ವಿಶ್ರಾಂತಿ ಮಾತ್ರ ಚಿತ್ರಕ್ಕೆ ಇಳಿಯಲಿಲ್ಲ.

"ಮೈ ಬಿಗಿ ಹಿಡೀಬೇಡ ಮಾರಾಯ, ಆರಾಮಾಗಿ ಮಲಗು" ಎಂದ ಚಿತ್ರಕಾರ.

"ಅಲ್ಲಾಡಬೇಡ ಅಂತೀರಿ, ಆರಾಮಾಗಿರು ಅಂತೀರಿ. ಎರಡರಲ್ಲಿ ಒಂದು ಹೇಳಿ ಸಾಮಿ. ಇದಕ್ಕಿಂತ ಮೂಟೇನೇ ವಾಸಿ" ಎಂದ ಹಮಾಲಿ. ಚಿತ್ರದ ಕಡೆ ಕಣ್ಣು ಹಾಯಿಸಿ, "ಹೊಟ್ಟೆ ಬೇರೆ ಹಸಿರು ಮಾಡಿದೀರಿ. ನನ್ನ ಹೆಂಡ್ತಿ ನೋಡಿದ್ರೆ ಕಷಾಯ ಕಾಯಿಸ್ತಾಳೆ" ಎಂದು ನಕ್ಕ.

ಒಂದು ದಿನ ಮಂಡಿಗೆ ಲಾರಿಗಳು ಹೆಚ್ಚು ಬಂದಿದ್ದವು. ಹಮಾಲಿ ಬಂದವನೇ ಒರಗಿದ. ಸ್ವಲ್ಪ ಹೊತ್ತಿಗೆ ಕತ್ತು ವಾಲಿತು. ಮಡಚಿದ್ದ ಬೆರಳುಗಳು ಬಿಚ್ಚಿಕೊಂಡವು. ಮೈಯೆಲ್ಲ ಸಡಿಲವಾಗಿ, ಗೆರೆ ದಾಟಿ ಹೊರಳಿತು. ಬಾಯಿ ತೆರೆದು ಗೊರಕೆ ಹೊಡೆದ.

ಚಿತ್ರಕಾರ ಅಲಗು ಕೆಳಗಿಟ್ಟ. ಹೋಗಿ ಅವನ ಭುಜ ಅಲುಗಿಸಿ ಎಬ್ಬಿಸಿದ. ಮೊಣಕೈ, ಸೊಂಟ, ಹಿಮ್ಮಡಿಯನ್ನು ಒಂದೊಂದಾಗಿ ಗೆರೆಯೊಳಗೆ ಕೂರಿಸಿದ. ಮತ್ತೆ ಬಂದು ಚಿತ್ರದ ಮುಂದೆ ನಿಂತ. ಆ ಸಂಜೆಯೂ ಬಣ್ಣ ಕೆರೆದ. ಆ ವರ್ಷ ಮುಗಿಯುವುದರೊಳಗೆ ಅವನ ಕೈ ಅಲಗು ಹಿಡಿಯದಾಯಿತು.

ಗುರುಗಳು ಅಲ್ಲಿಗೆ ಕತೆ ಮುಗಿಸಿದರು.

"ಎಂಥ ದಡ್ಡ! ಬೇಕಾದದ್ದು ಕಣ್ಣೆದುರೇ ಮಲಗಿತ್ತಲ್ಲ!" ಎಂದ ಶಿಷ್ಯ.

ಗುರುಗಳು ಕೇಳಿದರು: "ಹದಿನಾರು ವರ್ಷದಲ್ಲಿ ಎಂದಾದರೂ ಜಪ ತಾನಾಗಿಯೇ ನಿಂತುಹೋದಾಗ, ನೀನು ಏನು ಮಾಡಿದೆ?"